ರಾಯಚೂರು ದೋಆಬ್ ಗಡಿ ವಿವಾದ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಫಲವತ್ತಾದ ಎಡೆದೊರೆ ನಾಡಿಗಾಗಿ (ರಾಯಚೂರು ದೋಆಬ್) ಬಹಮನಿ, ವಿಜಯನಗರ ರಾಜ್ಯಗಳು 14ನೇ ಶತಮಾನದಿಂದ ನಡೆಸಿದ ಕಲಹ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಕಲಬುರಗಿ.

ಗಡಿಯನ್ನು ಹಿಡಿದು ನಿಲ್ಲಿಸುತ್ತಿದ್ದುದು ರಾಯಚೂರು, ಮುದಗಲ್ ಕೋಟೆಗಳು. ಕೋಟೆ ಯಾರ ಕೈಯಲ್ಲಿದೆಯೋ ಸುತ್ತಲಿನ ಹಳ್ಳಿಗಳ ಕಂದಾಯ ಅವರದು. ರಾಯಚೂರು ಕೋಟೆಯ ಗೋಡೆಯಲ್ಲಿ ಕಾಕತೀಯರ ಕಾಲದ, 1294ರ ಶಾಸನವುಳ್ಳ ಸುಮಾರು 41 ಅಡಿ ಉದ್ದದ ಕಲ್ಲು ಇಂದಿಗೂ ಇದೆ. ಅಂಥ ಬಂಡೆಯನ್ನು ಬಂಡಿಯ ಮೇಲೆ ಸಾಗಿಸಿದ ದೃಶ್ಯವನ್ನೂ ಅಲ್ಲೇ ಕೆತ್ತಿದ್ದಾರೆ.

ಕಾದಾಟದ ನಡುವೆ ಸಂಧಾನವೂ ನಡೆಯಿತು. ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಷಾನ ಕಾಲದ ಭೀಕರ ಯುದ್ಧದ ಬಳಿಕ, ಆಯುಧ ಹಿಡಿಯದ ಜನರನ್ನು ಕೊಲ್ಲಬಾರದೆಂದು ಉಭಯ ಪಕ್ಷಗಳೂ ಒಪ್ಪಿದುದಾಗಿ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಈ ವಿವಾದದಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿ ಇದೇ. ಬಹಮನಿಯ ಫಿರೋಜ್ ಷಾ ಮತ್ತು ವಿಜಯನಗರದ ಒಂದನೇ ದೇವರಾಯರ ನಡುವಿನ ಒಪ್ಪಂದ ಮಾತ್ರ ಬಾಳಲಿಲ್ಲ. ಪಾನಗಲ್ಲಿನಲ್ಲಿ ಮತ್ತೆ ಯುದ್ಧವಾಗಿ ಫಿರೋಜ್ ಸೋತ.

ಮುಂದೆ ಬಹಮನಿ ರಾಜಧಾನಿ ಬೀದರಿಗೆ ಹೋಯಿತು. ಬಹಮನಿ ರಾಜ್ಯ ಒಡೆದ ಮೇಲೆ ವಿವಾದ ಬಿಜಾಪುರದ ಆದಿಲ್‌ಶಾಹಿಗಳ ಪಾಲಾಯಿತು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ತಾಳಿಕೋಟೆ ಯುದ್ಧದ ನಂತರ ದೋಆಬ್ ಆದಿಲ್‌ಶಾಹಿಗಳ ವಶವಾಯಿತು.