ಕೋಳಿಯ ರೋಗವೂ ಒಂದು ಹನಿ ನೆತ್ತರೂ

ಹಿಮಾಲಯದ ಕುಮಾವೂನ್ ಸೀಮೆಯಲ್ಲಿ ರಾಣಿಖೇತ್ ಎಂಬ ಗಿರಿನಗರವಿದೆ. ಅದನ್ನು ಎಂದೂ ಕಾಣದ ನಮ್ಮ ರೈತರ ಬಾಯಲ್ಲೂ ಅದರ ಹೆಸರು ಸುಳಿದಾಡುತ್ತದೆ. ಊರಿನ ಹೆಸರಾಗಿ ಅಲ್ಲ, ಕೋಳಿಗಳ ಪಿಡುಗಿನ ಹೆಸರಾಗಿ. ಕೊಕ್ಕರೆ ರೋಗವೆನ್ನುವುದೂ ಇದನ್ನೇ. ನಿನ್ನೆ ಹಿತ್ತಲಲ್ಲಿ ಕೆದಕುತ್ತಿದ್ದ ಕೋಳಿ ಇಂದು ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸಿರಾಗಿ ಭೇದಿಯಾಗುತ್ತದೆ, ಕತ್ತು ತಿರುಚಿಕೊಂಡು ಬೀಳುತ್ತದೆ. ಮೊಟ್ಟೆ ಮಾರಿ ಉಪ್ಪು ಎಣ್ಣೆ ತರುವ ಹೆಂಗಸಿಗೆ ಇದು ಸಣ್ಣ ನಷ್ಟವಲ್ಲ.

1926ರಲ್ಲಿ ಈ ರೋಗ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯೂ ಕಾಣಿಸಿಕೊಂಡಿತು. ಕೋಳಿಗಳನ್ನು ಹೀಗೆಯೇ ಕೊಲ್ಲುವ ಇನ್ನೊಂದು ಬೇನೆ, 'ಕೋಳಿಯ ಪ್ಲೇಗು' ಎನಿಸಿಕೊಂಡದ್ದು, ಯೂರೋಪಿನವರಿಗೆ ಮೊದಲೇ ಪರಿಚಿತ. ಇದೂ ಅದೇ ಇರಬೇಕೆಂದು ಬಗೆಯುವುದು ಸಹಜವಷ್ಟೆ. ಎರಡರ ಕಾರಣವೂ ಆಗಿನ ಸೂಕ್ಷ್ಮದರ್ಶಕಕ್ಕೆ ಕಾಣದಂಥದು, ಪಿಂಗಾಣಿಯಲ್ಲಿ ಸೋಸಿದರೂ ಸಿಕ್ಕದೆ ದಾಟಿಹೋಗುವಂಥದು. ಡಾಯ್ಲ್ ಎಂಬ ವಿಜ್ಞಾನಿ ಬೇರೆ ದಾರಿ ಹಿಡಿದನು. ಹೊಸ ರೋಗ ತಗುಲಿಯೂ ಬದುಕಿ ಉಳಿದ ಕೋಳಿಗಳಿಗೆ ಕೋಳಿಪ್ಲೇಗಿನ ಸೋಂಕು ಕೊಟ್ಟು ನೋಡಿದರೆ, ಅವಕ್ಕೆ ಅದರಿಂದ ರಕ್ಷಣೆಯೇ ಇರಲಿಲ್ಲ. ಇದು ಬೇರೆಯೇ ರೋಗವೆಂದು 1927ರಲ್ಲಿ ಪ್ರಕಟಿಸಿದನು. ಮರುವರ್ಷ ಮುಕ್ತೇಶ್ವರದ ಪಶುರೋಗ ಸಂಶೋಧನಾಲಯದ ಎಡ್ವರ್ಡ್ಸ್ ರಾಣಿಖೇತಿನಲ್ಲಿ ಕಂಡ ರೋಗವನ್ನು ವರ್ಣಿಸಿದನು. ನಮ್ಮಲ್ಲಿ ಆ ಹೆಸರೇ ನಿಂತಿತು. ಊರಿನ ಪಾಲಿಗೆ ಅನ್ಯಾಯವೇ ಸರಿ.

ಡಾಯ್ಲನ ಪರೀಕ್ಷೆಗೆ ಕೋಳಿಗಳೇ ಬಲಿಯಾಗಬೇಕು, ದಿನಗಟ್ಟಲೆ ಕಾಯಬೇಕು. ಸುಲಭದ ದಾರಿ ದೊರೆತದ್ದು ಆಕಸ್ಮಿಕವಾಗಿ. 1941ರಲ್ಲಿ ನ್ಯೂಯಾರ್ಕಿನ ಹರ್ಸ್ಟ್, ಇನ್‌ಫ್ಲುಯೆಂಜಾ ವೈರಸ್ಸನ್ನು ಕಾವಿಟ್ಟ ಕೋಳಿಮೊಟ್ಟೆಯಲ್ಲಿ ಬೆಳೆಸಿ ದ್ರವವನ್ನು ತೆಗೆಯುತ್ತಿದ್ದಾಗ, ಒಳಗಿನ ಭ್ರೂಣದ ರಕ್ತನಾಳ ಹರಿದು ನೆತ್ತರು ಬೆರೆಯಿತು. ರಕ್ತಕಣಗಳು ಗಂಟುಗಂಟಾಗಿ ಕೂಡಿಕೊಂಡವು. ಕೈತಪ್ಪೆಂದು ಚೆಲ್ಲಿಬಿಡದೆ ಆತನು ಅದರ ಕಾರಣವನ್ನು ಅರಸಿದನು. ನಮ್ಮ ಕೋಳಿರೋಗದ ವೈರಸ್ಸೂ ಹೀಗೆಯೇ ಮಾಡುವುದೆಂದು ಮರುವರ್ಷ ಮೆಲ್ಬರ್ನಿನ ಬರ್ನೆಟ್ ತೋರಿಸಿದನು.

ಪರೀಕ್ಷೆ ಬಲು ಸರಳ. ಗುಳಿಗಳಿರುವ ತಟ್ಟೆಯಲ್ಲಿ ಕೋಳಿಯ ಕೆಂಪು ರಕ್ತಕಣಗಳನ್ನು ಹಾಕಿಟ್ಟರೆ ಅವು ತಳಕ್ಕಿಳಿದು ಕುಂಕುಮದ ಬೊಟ್ಟಿನಂತೆ ಕೂರುತ್ತವೆ. ವೈರಸ್ಸು ಬೆರೆತಿದ್ದರೆ ಒಂದಕ್ಕೊಂದು ಹೆಣೆದುಕೊಂಡು ತೆಳ್ಳನೆಯ ಹಾಸಾಗುತ್ತವೆ. ಆದರೆ ಯಾವ ವೈರಸ್ಸು? ರಾಣಿಖೇತ್ ರೋಗವನ್ನು ಎದುರಿಸಬಲ್ಲ ಸೀರಮ್ಮನ್ನು ಮೊದಲೇ ಸೇರಿಸಿದಾಗ ಹೆಣಿಗೆ ತಪ್ಪಿ ಬೊಟ್ಟು ಮೂಡಿದರೆ ಅದು ರಾಣಿಖೇತ್. ಹಾಸು ಹಾಗೆಯೇ ಉಳಿದರೆ ಶತ್ರು ಬೇರೆ.

ಆ ಬೇರೆ ಶತ್ರುವಿನ ಗುರುತು ಸಿಕ್ಕಿದ್ದು 1955ರಲ್ಲಿ. ಹಳೆಯ ಕೋಳಿಪ್ಲೇಗಿನ ವೈರಸ್ಸು ಇನ್‌ಫ್ಲುಯೆಂಜಾ ಕುಲದ್ದೇ ಎಂದು ಜರ್ಮನಿಯ ಶೇಫರ್ ತೋರಿಸಿಕೊಟ್ಟನು. ಇಂದು ಹಕ್ಕಿಜ್ವರವೆನ್ನುವುದು ಅದನ್ನೇ. ರಾಣಿಖೇತ್ ರೋಗಕ್ಕೆ ಲಸಿಕೆಯುಂಟು, ಮನುಷ್ಯನಿಗೆ ಅದರಿಂದ ಕಣ್ಣು ಕೆಂಪಾಗುವುದಕ್ಕಿಂತ ಹೆಚ್ಚೇನೂ ಆಗುವುದು ಅಪರೂಪ. ಹಕ್ಕಿಜ್ವರದ ಕೆಲವು ಬಗೆಗಳಾದರೋ ಮನುಷ್ಯನನ್ನೂ ಕೊಲ್ಲಬಲ್ಲವು.

2006ರ ಆರಂಭದಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಗಳು ರಾಶಿರಾಶಿಯಾಗಿ ಸತ್ತಾಗ, ಅದು ರಾಣಿಖೇತ್ ರೋಗವೆಂದೇ ಕೋಳಿಸಾಕಣೆಯವರು ಹೇಳಿದರು. ಮಾದರಿಗಳು ಭೋಪಾಲದ ಪ್ರಯೋಗಶಾಲೆಗೆ ಹೋದವು. ಫೆಬ್ರವರಿ 18ರಂದು ಉತ್ತರ ಹೊರಬಿದ್ದಿತು: ಹಕ್ಕಿಜ್ವರ, ಎಚ್5ಎನ್1 ಬಗೆಯದು. ಲಕ್ಷಗಟ್ಟಲೆ ಕೋಳಿಗಳನ್ನು ಕೊಂದು ಹೂಳುವ ಕೆಲಸ ಅಲ್ಲಿಂದ ಮೊದಲಾಯಿತು.