ಭಾನುವಾರದ ಹಡಗು

ಯುದ್ಧದ ಕಥೆಗಳಲ್ಲಿ ಸೇನಾಪತಿಗಳೇ ತುಂಬಿರುತ್ತಾರೆ. ಅಮ್ಮಂದಿರಿಗೆ ಅಲ್ಲಿ ಜಾಗವಿಲ್ಲ. ನಾರ್ವೆ ದೇಶದ ಭಾರಜಲದ ಕಥೆಯಲ್ಲಿ ಒಬ್ಬ ತಾಯಿ ಬರುತ್ತಾಳೆ. ಹಾಗಾಗಿಯೇ ಅದು ನನ್ನನ್ನು ಬಿಡದೆ ಕಾಡಿದೆ.

ನೋಡಲು ಭಾರಜಲ ನಮ್ಮ ಬಿಂದಿಗೆಯ ನೀರಿನಂತೆಯೇ. ತೂಕ ಮಾತ್ರ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚು. ರ್‍ಯೂಕನ್ ಎಂಬ ಕಣಿವೆಯ ಊರಿನ ಬಳಿ, ವೇಮೋರ್ಕ್‌ನಲ್ಲಿ, ಗೊಬ್ಬರಕ್ಕಾಗಿ ಜಲಜನಕ ತಯಾರಿಸುವ ಕಾರ್ಖಾನೆಯಿತ್ತು. ಅದೂ ಅಲ್ಲಿಯೇ ಸಿಗುತ್ತಿತ್ತು. 1940ರಲ್ಲಿ ನಾರ್ವೆಯನ್ನು ವಶಪಡಿಸಿಕೊಂಡ ಜರ್ಮನರು ಇನ್ನಷ್ಟು, ಮತ್ತಷ್ಟು ಎಂದು ಕೇಳತೊಡಗಿದರು. ಪರಮಾಣು ಪ್ರಯೋಗಗಳಿಗೆ ಅವರಿಗೆ ಅದು ಬೇಕಿತ್ತು. ಹಿಟ್ಲರನ ಕೈಗೆ ಅಣುಬಾಂಬು ಸಿಕ್ಕರೆ ಗತಿಯೇನು? ಕಾರ್ಖಾನೆಯ ಒಳಗಿನವರೇ ಗುಟ್ಟಾಗಿ ಲಂಡನ್ನಿಗೆ ಸುದ್ದಿ ಮುಟ್ಟಿಸಿದರು. ಆ ಕಾರ್ಖಾನೆಯನ್ನು ಚೆನ್ನಾಗಿ ಬಲ್ಲ ಪ್ರೊಫೆಸರ್ ಲೈಫ್ ಟ್ರೋನ್‌ಸ್ಟಾಡ್ 1941ರಲ್ಲಿ ತಪ್ಪಿಸಿಕೊಂಡು ಲಂಡನ್ ಸೇರಿ, ಅದನ್ನು ಕೆಡಿಸುವ ಉಪಾಯಕ್ಕೆ ಕುಳಿತರು.

1943ರ ಫೆಬ್ರವರಿ 27ರ ನಡುರಾತ್ರಿ ಒಂಬತ್ತು ಜನ ನಾರ್ವೆಯ ತರುಣರು ಹಿಮದ ಕಮರಿಯನ್ನು ಇಳಿದು, ಹತ್ತಿ, ಕಾರ್ಖಾನೆ ತಲುಪಿದರು. ಬತ್ತಿ ಹೊತ್ತಿಸುವ ಗಳಿಗೆಯಲ್ಲಿ ಅಲ್ಲಿದ್ದ ಕಾವಲುಗಾರ ತನ್ನ ಕನ್ನಡಕ ಕಾಣದೆ ಗೋಗರೆದ. ಯುದ್ಧಕಾಲದಲ್ಲಿ ಇನ್ನೊಂದು ಎಲ್ಲಿ ಸಿಕ್ಕೀತು? ಪ್ರಾಣ ಒತ್ತೆಯಿಟ್ಟು ಬಂದವರು ನಿಂತು ಕನ್ನಡಕ ಹುಡುಕಿಕೊಟ್ಟರು! ಸುಮಾರು 500 ಕಿಲೋ ಭಾರಜಲ ಚರಂಡಿ ಪಾಲಾಯಿತು. ಒಂದು ಗುಂಡೂ ಹಾರಲಿಲ್ಲ, ಒಂದು ಜೀವವೂ ಹೋಗಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಜರ್ಮನರು ಕೆಲವೇ ತಿಂಗಳಲ್ಲಿ ಎಲ್ಲವನ್ನೂ ಸರಿಪಡಿಸಿಕೊಂಡರು. ನವೆಂಬರಿನಲ್ಲಿ ಅಮೆರಿಕದ ವಿಮಾನಗಳು ಬಾಂಬು ಸುರಿದವು. ಊರಿನ 20ಕ್ಕೂ ಹೆಚ್ಚು ಜನ ಸತ್ತರು. ಆಗ ಜರ್ಮನರು ಉಳಿದ ಭಾರಜಲವನ್ನು ತಮ್ಮ ದೇಶಕ್ಕೇ ಸಾಗಿಸಲು ಹೊರಟರು. ದಾರಿಯಲ್ಲಿ ಟಿನ್ ಸರೋವರವನ್ನು ದಾಟಬೇಕು. ಅದಕ್ಕಿದ್ದದ್ದು ಊರ ಜನರೂ ಓಡಾಡುವ ಹಡಗು.

ನಮ್ಮವರೇ ಸಾಯುತ್ತಾರಲ್ಲ, ಇದು ಬೇಕೇ ಬೇಕೆ ಎಂದು ಅಲ್ಲಿನ ಗುಪ್ತಪಡೆಯವರು ಲಂಡನ್ನನ್ನು ಕೇಳಿದರು. ಮುಳುಗಿಸಿ ಎಂಬ ಉತ್ತರ ಬಂತು. ಜನ ಕಡಿಮೆಯಿರುತ್ತಾರೆಂದು ಭಾನುವಾರವನ್ನೇ ಆರಿಸಿಕೊಂಡರು. ಕ್ನೂಟ್ ಹೌಕೆಲಿಡ್ ಮತ್ತು ಸಂಗಡಿಗರು ಹಡಗಿನ ತಳದಲ್ಲಿ ಅಲಾರಾಂ ಗಡಿಯಾರ ಜೋಡಿಸಿದ ಸಿಡಿಮದ್ದನ್ನಿಟ್ಟರು. ಅವರಿಗೆ ನೆರವಾದವನೊಬ್ಬನ ತಾಯಿ ಅದೇ ಹಡಗಿನಲ್ಲಿ ಹೊರಡುವವಳಿದ್ದಳಂತೆ. ಬೇಡವೆಂದರೆ ಕಾರಣ ಕೇಳುತ್ತಾಳೆ. ಕಾರಣ ಹೇಳಿದರೆ ಗುಟ್ಟು ರಟ್ಟು. ಮಗ ಅವಳ ಊಟದಲ್ಲಿ ಭೇದಿ ಔಷಧಿ ಬೆರೆಸಿದನಂತೆ. ತಾಯಿ ಮನೆಯಲ್ಲೇ ಉಳಿದಳು.

1944ರ ಫೆಬ್ರವರಿ 20ರಂದು ಹಡಗು ಮುಳುಗಿತು. ಸತ್ತವರು 18 ಜನ. ಅವರಲ್ಲಿ 14 ಜನ ನಾರ್ವೆಯವರೇ. ಅವರ ಊಟದಲ್ಲಿ ಔಷಧಿ ಬೆರೆಸುವವರು ಯಾರೂ ಇರಲಿಲ್ಲ.

ಯುದ್ಧ ಮುಗಿದ ಮೇಲೆ ತಿಳಿದದ್ದು: ಜರ್ಮನರು ಬಾಂಬಿನಿಂದ ಬಹಳ ದೂರದಲ್ಲಿದ್ದರು, ಒಂದು ಪರಮಾಣು ರಿಯಾಕ್ಟರನ್ನೂ ನಡೆಸಲಾಗಿರಲಿಲ್ಲ. ಆದರೆ 1944ರಲ್ಲಿ ಆ ಹುಡುಗರಿಗೆ ಇದು ಹೇಗೆ ತಿಳಿಯಬೇಕು? ಗೂಢಚಾರರಿಗೆ ಸಿಗುವುದು ಅರ್ಧ ಸುದ್ದಿ. ತೀರ್ಮಾನ ಮಾತ್ರ ಪೂರ್ತಿ ಮಾಡಬೇಕು. ಅವರನ್ನು ದೂರಲು ನನ್ನ ನಾಲಿಗೆ ಏಳದು. ಆ ಮಗನನ್ನಂತೂ ಯಾವ ತಾಯಿ ದೂರಿಯಾಳು? ಆದರೂ ಇದನ್ನು ಬರೀ ಗೆಲುವಿನ ಕಥೆಯೆಂದು ಹೇಳುವವರನ್ನು ಕಂಡಾಗ, ಆ 14 ಜನರನ್ನೂ ಎಣಿಸಿ ಎನ್ನಬೇಕೆನಿಸುತ್ತದೆ.