ಹಳದಿ ಕತ್ತಿನ ಗುಬ್ಬಿ

ಕಳೆದ ಭಾನುವಾರ ಮಗಳು ನಮ್ಮ ಮುಂಬಯಿ ಫ್ಲಾಟಿನ ಬಾಲ್ಕನಿಗೆ ಬಂದ ಸೂರಕ್ಕಿಯ ಫೋಟೋ ತೆಗೆದು ಆ್ಯಪಿಗೆ ಹಾಕಿದಳು. ಚಹಾ ಆರುವುದರೊಳಗೆ ಹೆಸರು ಬಂತು. "ಅಪ್ಪಾ, ಗಂಡಿಗೆ ಮಾತ್ರ ಯಾಕೆ ಇಷ್ಟು ಬಣ್ಣ?" ಎಂದು ಕೇಳಿದಳು. "ಗೂಗಲ್ ಮಾಡು ಪುಟ್ಟಾ" ಎಂದು ಲ್ಯಾಪ್‌ಟಾಪಿಗೆ ತಲೆ ತಗ್ಗಿಸಿದೆ. ಆಮೇಲೆ ಇದೇ ಊರಿನ ಹಳೆಯ ಪ್ರಶ್ನೆಯೊಂದು ನೆನಪಾಗಿ ಮನಸ್ಸು ಚುಚ್ಚಿತು.

1908ರ ಸುಮಾರಿಗೆ ಖೇತವಾಡಿಯ ಹುಡುಗನೊಬ್ಬ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ? ಸಾಕಿದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಗೂ ಗೊತ್ತಿರಲಿಲ್ಲ. ಅವರು ಪತ್ರ ಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು.

1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಸೇರಿ ಕಟ್ಟಿದ ಸಂಸ್ಥೆ ಅದು. ಅವರಲ್ಲಿ ಇಬ್ಬರು ಭಾರತೀಯ ವೈದ್ಯರು: ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ. ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ಸಂಗ್ರಹಿಸಿದ್ದನ್ನು ತೋರಿಸುವುದು ಅವರ ಉದ್ದೇಶ. 1886ರಿಂದ ಅವರದೇ ಪತ್ರಿಕೆ ಹೊರಬಂತು. ಹವ್ಯಾಸಿಗಳು ಬರೆದ ಸಣ್ಣ ಟಿಪ್ಪಣಿಗಳಿಗೂ ಅದರಲ್ಲಿ ಜಾಗವಿತ್ತು.

ಅಳುಕುತ್ತಲೇ ಒಳಹೋದ ಹುಡುಗನನ್ನು ಗೌರವ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಕೂರಿಸಿಕೊಂಡರು. ಹಕ್ಕಿಯ ಹೆಸರು ಹೇಳಿದರು. ಅಷ್ಟಕ್ಕೇ ಕಳಿಸಿಬಿಡಲಿಲ್ಲ. ಕಪಾಟುಗಳನ್ನು ತೆರೆದು ಸಂಗ್ರಹದ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಗಳ ಚರ್ಮ ಸುಲಿದು ಕಾಪಿಡುವುದನ್ನು ಕಲಿಯಲು ಏರ್ಪಾಟು ಮಾಡಿದರು.

ಆ ಹುಡುಗ ಸಲೀಂ ಅಲಿ. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರೇ. 1941ರಲ್ಲಿ ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬಂತು. 1985ರಲ್ಲಿ ಬಂದ ಆತ್ಮಕತೆಯ ಹೆಸರಿನಲ್ಲೂ ಒಂದು ಗುಬ್ಬಿಯಿದೆ.

ಇಂದು ಹೆಸರು ಹೇಳುವ ಕೆಲಸವನ್ನು ಫೋನು ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಶುರುಮಾಡಿದ ಐನ್ಯಾಚುರಲಿಸ್ಟ್‌ನಲ್ಲಂತೂ ಫೋಟೋ ಹಾಕಿದರೆ ಬಲ್ಲವರೇ ಬಂದು ಗುರುತಿಸುತ್ತಾರೆ. ಆದರೆ ಹೆಸರು ಸಿಕ್ಕ ಮೇಲೆ ಹುಟ್ಟುವ ಎರಡನೆಯ ಪ್ರಶ್ನೆಗೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ಮಿಲ್ಲಾರ್ಡ್ ಕೂತದ್ದು ಅದಕ್ಕೇ.

ರಾತ್ರಿ ಮಗಳನ್ನು ಕರೆದೆ. ಹೆಣ್ಣು ತನಗೆ ಹಿಡಿಸಿದ ಗಂಡನ್ನು ಆರಿಸಿಕೊಳ್ಳುವುದರಿಂದಲೇ ಇಂಥ ಬಣ್ಣಗಳು ತಲೆಮಾರಿನಿಂದ ತಲೆಮಾರಿಗೆ ಬೆಳೆದುಬಂದವು ಎಂದು 1871ರಲ್ಲಿ ಡಾರ್ವಿನ್ ವಾದಿಸಿದ್ದನ್ನು ಇಬ್ಬರೂ ಸೇರಿ ಓದಿದೆವು.

"ಹಾಗಾದರೆ ಕಾಗೆಯಲ್ಲಿ ಯಾಕೆ ಇಬ್ಬರೂ ಕಪ್ಪು?" ಎಂದಳು.

ನನಗೆ ಗೊತ್ತಿರಲಿಲ್ಲ. ಈ ಸಲ ಲ್ಯಾಪ್‌ಟಾಪ್ ಮುಚ್ಚಿದೆ.